‘ಬೋರ್ಡ್ ಹೋಗಿದೆ ಸಾರ್!’

ಕನ್ನಡದಲ್ಲಿ ‘ಹೋಗು’ ಎಂಬ ಕ್ರಿಯಾಪದಕ್ಕೆ ಒಂದು ವಿಚಿತ್ರ ಶಕ್ತಿಯಿದೆ. ‘ಲೋಟ ಒಡೆದೆ’ ಎಂದರೆ ಒಡೆದವನು ನಮ್ಮೆದುರಿಗೆ ನಿಂತಿರುತ್ತಾನೆ. ‘ಲೋಟ ಒಡೆದುಹೋಯಿತು’ ಎಂದೊಡನೆ ಅವನು ಮಾಯವಾಗುತ್ತಾನೆ. ಲೋಟವು ತಾನೇ ನಿಶ್ಚಯಿಸಿ ಒಡೆದುಕೊಂಡಂತಾಗುತ್ತದೆ. ಮೂವತ್ತಮೂರು ವರ್ಷಗಳ ಕಾಲ ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ‘ಬೀಕರ್ ಒಡೆದುಹೋಯ್ತು ಸಾರ್’, ‘ಬಲ್ಬ್ ಸುಟ್ಟುಹೋಯ್ತು ಸಾರ್’ ಎಂಬ ಮಾತುಗಳನ್ನು ಕೇಳಿದ ನನಗೆ ಈ ಕ್ರಿಯಾಪದದ ಉಪಕಾರವೇನೆಂದು ಚೆನ್ನಾಗಿ ತಿಳಿದಿದೆ. ಆದರೆ ಅದರ ಬೆಲೆ ಇಪ್ಪತ್ತಾರು ಸಾವಿರ ರೂಪಾಯಿಗಳಾಗಬಹುದೆಂದು ತಿಳಿದದ್ದು ಮಾತ್ರ ಕಳೆದ ತಿಂಗಳು, ಲ್ಯಾಪ್‌ಟಾಪ್ ರಿಪೇರಿ ಅಂಗಡಿಯೊಂದರ ಗಲ್ಲಾಪೆಟ್ಟಿಗೆಯ ಮುಂದೆ.

ನಡೆದದ್ದಿಷ್ಟು. ನಮ್ಮ ಅಣ್ಣನ ಮೊಮ್ಮಗಳು ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದಾಳೆ. ನಮ್ಮ ಮನೆಯಲ್ಲಿಯೇ ಇದ್ದು ಓದುತ್ತಾಳೆ. ಒಂದು ರಾತ್ರಿ ಕೀಬೋರ್ಡಿನ ಮೇಲೆ ಪೆನ್ನು ಬಿದ್ದಿದ್ದುದನ್ನು ಗಮನಿಸದೆ ಲ್ಯಾಪ್‌ಟಾಪನ್ನು ಮುಚ್ಚಿದಳು. ಬೆಳಿಗ್ಗೆ ತೆರೆದಾಗ ಪರದೆಯ ಮೂಲೆಯಿಂದ ಜೇಡರ ಬಲೆಯಂತೆ ಬಿರುಕು ಹರಡಿತ್ತು. ‘ತಾತ, ನಾನೇ ಒಡೆದೆ’ ಎಂದು ಬಂದು ಹೇಳಿದಳು. ಪರದೆಯ ಅರ್ಧ ಭಾಗ ಮಸಿಯಂತಾಗಿತ್ತು. ಉಳಿದ ಅರ್ಧ ಮೊದಲಿನಂತೆಯೇ ಬೆಳಗುತ್ತಿತ್ತು. ಆ ಅರ್ಧದಲ್ಲಿಯೇ ಎರಡು ದಿನ ತನ್ನ ಕೆಲಸ ಮಾಡಿಕೊಂಡಳು. ಓದುಗರು ಈ ಸಂಗತಿಯನ್ನು ನೆನಪಿನಲ್ಲಿಡಬೇಕು.

ಮೂರನೆಯ ದಿನ ಪೇಟೆಯ ಅಂಗಡಿಯೊಂದಕ್ಕೆ ಕೊಟ್ಟೆವು. ಹೊಸ ಸ್ಕ್ರೀನಿಗೆ ಐದು ಸಾವಿರದ ಎಂಟುನೂರು, ಒಂದು ಗಂಟೆಯ ಕೆಲಸ ಎಂದರು. ಸಂಜೆ ಹೋದರೆ ಮಾಲೀಕರ ಮುಖ ಗಂಭೀರವಾಗಿತ್ತು. ‘ಹೊಸ ಸ್ಕ್ರೀನ್ ಹಾಕಿದ್ವಿ, ಡಿಸ್‌ಪ್ಲೇನೇ ಬರ್ತಿಲ್ಲ. ಬೋರ್ಡ್ ಹೋಗಿದೆ ಸಾರ್. ಮೊದಲಿಂದಲೂ ವೀಕ್ ಇತ್ತು ಅನ್ಸುತ್ತೆ. ಬೇರೆ ಬೋರ್ಡಿಗೆ ಇಪ್ಪತ್ತಾರು ಸಾವಿರ ಆಗುತ್ತೆ. ಸ್ಕ್ರೀನಿಂದು ಬೇರೆ. ಅದರ ಬದಲು ಹೊಸದನ್ನೇ ತಗೊಳ್ಳಿ, ಈ ಹಳೇದಕ್ಕೆ ಮೂರು ಸಾವಿರ ಕೊಡಿಸ್ತೀನಿ’ ಎಂದರು. ಆರು ವಾಕ್ಯಗಳಲ್ಲಿ ಕೆಲಸ ಮಾಡುತ್ತಿದ್ದ ಯಂತ್ರವು ಗುಜರಿಯಾಯಿತು. ಹಿಂದೆ ಸ್ಟೂಲಿನ ಮೇಲೆ ಕುಳಿತಿದ್ದ, ಇಪ್ಪತ್ತು ವರ್ಷವೂ ತುಂಬಿರದ ಹುಡುಗನೊಬ್ಬ ತಲೆಯೆತ್ತಿ ನೋಡಲಿಲ್ಲ.

ನಾನು ಕಂಪ್ಯೂಟರ್ ಬಲ್ಲವನಲ್ಲ. ಆದರೆ ಓಮನ ನಿಯಮವನ್ನು ಸಾವಿರಾರು ಮಕ್ಕಳಿಗೆ ಕಲಿಸಿದ್ದೇನೆ. ‘ಒಡೆದಿದ್ದರೂ ಆ ಪರದೆ ಬೆಳಗುತ್ತಿತ್ತಲ್ಲಪ್ಪ, ಅದನ್ನೇ ಮತ್ತೆ ಜೋಡಿಸಿ ತೋರಿಸು’ ಎಂದೆ. ಒಲ್ಲದ ಮನಸ್ಸಿನಿಂದ ಜೋಡಿಸಿದರು. ಅದೂ ಕಪ್ಪಾಗಿಯೇ ಇತ್ತು. ಮೊಮ್ಮಗಳು ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದಳು; ಬಿರುಕಿಲ್ಲದ ಭಾಗದಲ್ಲಿ ಚಿತ್ರವು ನೆರಳಿನಂತೆ ಕಾಣಿಸಿತು. ಕೊನೆಗೆ ಅಂಗಡಿಯ ಟಿವಿಗೆ ಎಚ್‌ಡಿಎಂಐ ತಂತಿಯಿಂದ ಜೋಡಿಸಿದಾಗ ಎಲ್ಲವೂ ಸ್ವಚ್ಛವಾಗಿ ಮೂಡಿತು. ಪ್ರೊಸೆಸರ್ ಸರಿಯಿದೆ, ಚಿತ್ರ ತಯಾರಾಗುತ್ತಿದೆ, ಪರದೆಯವರೆಗೂ ಬರುತ್ತಿದೆ. ಅದನ್ನು ಕಾಣಿಸುವ ಬೆಳಕು ಮಾತ್ರ ಇಲ್ಲ. ಇದಕ್ಕೆ ‘ಬೋರ್ಡ್ ಹೋಗಿದೆ’ ಎನ್ನುವುದು, ಮನೆಯ ಒಂದು ಕೋಣೆಯ ದೀಪ ಉರಿಯದಿದ್ದರೆ ‘ಮನೆ ಬಿದ್ದಿದೆ’ ಎಂದಂತೆ. ಲ್ಯಾಪ್‌ಟಾಪನ್ನು ಎತ್ತಿಕೊಂಡು ಹೊರಬಂದೆವು.

ಇಲ್ಲಿ ಸ್ವಲ್ಪ ಪಾಠ ಹೇಳುವುದು ಅನಿವಾರ್ಯ. ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಗೆ ಸ್ವಂತ ಬೆಳಕಿಲ್ಲ. ಅದರ ಹಿಂದೆ ಬ್ಯಾಕ್‌ಲೈಟ್ ಎಂಬ ಎಲ್‌ಇಡಿ ದೀಪಗಳ ಸಾಲೊಂದಿರುತ್ತದೆ. ಚಿತ್ರ ಮೂಡಿಸುವ ಭಾಗಕ್ಕೆ ಸಾಮಾನ್ಯವಾಗಿ 3.3 ವೋಲ್ಟ್ ಸಾಕು. ದೀಪಗಳ ಭಾಗಕ್ಕೆ ಬ್ಯಾಟರಿಯ ಅಥವಾ ಚಾರ್ಜರಿನ ವಿದ್ಯುತ್ತು, ಅಂದರೆ ಹತ್ತರಿಂದ ಇಪ್ಪತ್ತು ವೋಲ್ಟಿನ ಆಸುಪಾಸಿನದು, ಹರಿಯುತ್ತದೆ. ಇವೆರಡೂ ಸಂಕೇತಗಳ ತಂತಿಗಳೊಡನೆ ಒಂದೇ ಕೇಬಲಿನಲ್ಲಿ, ಒಂದೇ ಕನೆಕ್ಟರಿನ ಮೂಲಕ ಸಾಗುತ್ತವೆ. ಆ ಕನೆಕ್ಟರಿನಲ್ಲಿ ಸಾಮಾನ್ಯವಾಗಿ 30 ಇಲ್ಲವೇ 40 ಕಾಲುಗಳು. ಒಂದರಿಂದ ಮತ್ತೊಂದಕ್ಕೆ ಅರ್ಧ ಮಿಲಿಮೀಟರಿನಷ್ಟು ಅಂತರ. ಅದನ್ನು ಓರೆಯಾಗಿ ತುರುಕಿದರೆ ಹೆಚ್ಚಿನ ವೋಲ್ಟೇಜು ಪಕ್ಕದ ಕಾಲಿಗೆ ತಗಲುತ್ತದೆ.

ಆದ್ದರಿಂದಲೇ ಸ್ಕ್ರೀನ್ ಬದಲಿಸುವ ಮೊದಲು ಮಾಡಬೇಕಾದ ಕೆಲಸ ಒಂದಿದೆ: ಕೆಳಗಿನ ಮುಚ್ಚಳ ಬಿಚ್ಚಿ ಬ್ಯಾಟರಿಯ ಸಂಪರ್ಕವನ್ನು ತಪ್ಪಿಸುವುದು, ಬಳಿಕ ಪವರ್ ಗುಂಡಿಯನ್ನು ಕೆಲವು ಕ್ಷಣ ಒತ್ತಿಹಿಡಿದು ಉಳಿದ ವಿದ್ಯುತ್ತನ್ನು ಹೊರಹಾಕುವುದು. ಹಿಂದಿನ ಲ್ಯಾಪ್‌ಟಾಪುಗಳಲ್ಲಿ ಬ್ಯಾಟರಿಯನ್ನು ಹೊರಗಿನಿಂದಲೇ ಕೀಳಬಹುದಾಗಿತ್ತು. ಈಗಿನವುಗಳಲ್ಲಿ ಅದು ಒಳಗಿರುವುದರಿಂದ ಚಾರ್ಜರ್ ಕಿತ್ತರೂ, ಯಂತ್ರವನ್ನು ಆರಿಸಿದರೂ, ಅನೇಕ ಮಾದರಿಗಳಲ್ಲಿ ಈ ಮಾರ್ಗದಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ. ಹತ್ತು ನಿಮಿಷ ಉಳಿಸಲು ಈ ಹಂತವನ್ನು ಬಿಟ್ಟುಬಿಡುವವರು ಬಹಳ. ಬಿಟ್ಟಾಗ ಅದೃಷ್ಟ ಚೆನ್ನಾಗಿದ್ದರೆ ಮದರ್‌ಬೋರ್ಡಿನ ಮೇಲಿರುವ ಸಾಸಿವೆಗಿಂತ ಚಿಕ್ಕ ಫ್ಯೂಸೊಂದು ಸುಟ್ಟು ಉಳಿದುದನ್ನು ಕಾಪಾಡುತ್ತದೆ. ಅದೃಷ್ಟ ಕೆಟ್ಟರೆ ಹೆಚ್ಚಿನ ವೋಲ್ಟೇಜು ಸಂಕೇತದ ತಂತಿಯ ಮೂಲಕ ನೇರವಾಗಿ ಪ್ರೊಸೆಸರನ್ನು ತಲಪುತ್ತದೆ. ಆಗ ಬೋರ್ಡು ನಿಜವಾಗಿಯೂ ಹೋಗಬಹುದು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಯಾವುದು ಆಗಿದೆಯೆಂಬುದನ್ನು ಅಳೆದು ನೋಡದೆ ಹೇಳಲಾಗದು.

ಅಳೆದು ನೋಡಿದವರು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಮೇಜು, ಒಂದು ಭೂತಗನ್ನಡಿ ಇಟ್ಟುಕೊಂಡಿರುವ ಒಬ್ಬರು. ಹಿಂದೆ ರೇಡಿಯೊ, ಟಿವಿ ರಿಪೇರಿ ಮಾಡುತ್ತಿದ್ದವರು. ಮೊದಲು ಬ್ಯಾಟರಿ ಬಿಡಿಸಿದರು. ಕನೆಕ್ಟರಿನ ಬಳಿಯ ಫ್ಯೂಸಿನ ಎರಡು ತುದಿಗಳಿಗೆ ಮಲ್ಟಿಮೀಟರ್ ಹಿಡಿದರು. ಸೊನ್ನೆಯ ಹತ್ತಿರವಿರಬೇಕಾದ ರೋಧ ಅನಂತವೆಂದು ತೋರಿಸಿತು. ‘ಬೋರ್ಡ್ ಹೋಗಿಲ್ಲ ಮೇಷ್ಟ್ರೇ, ಬೋರ್ಡ್ ಉಳಿಸೋಕೆ ಏನು ಹೋಗಬೇಕಿತ್ತೋ ಅದು ಹೋಗಿದೆ’ ಎಂದರು. ಆದರೆ ಒಡನೆಯೇ ಹೊಸ ಫ್ಯೂಸ್ ಹಾಕಲಿಲ್ಲ. ಫ್ಯೂಸಿನ ಆಚೆ ಬದಿ ಭೂಮಿಗೆ ಶಾರ್ಟ್ ಆಗಿದೆಯೇ ಎಂದು ಅಳೆದರು. ಕನೆಕ್ಟರಿನ ಒಂದು ಕಾಲು ಬಾಗಿ ಪಕ್ಕದ್ದಕ್ಕೆ ತಗಲಿತ್ತು. ಅದನ್ನು ಸೂಜಿಯಿಂದ ನೇರಮಾಡಿ, ಕಪ್ಪಾಗಿದ್ದ ಜಾಗವನ್ನು ಆಲ್ಕೋಹಾಲಿನಿಂದ ಒರೆಸಿ, ಮತ್ತೆ ಅಳೆದರು. ಶಾರ್ಟ್ ಇಲ್ಲವೆಂದು ಖಚಿತವಾದ ಮೇಲೆಯೇ ಸತ್ತ ಬೋರ್ಡೊಂದರಿಂದ ಅದೇ ಆಂಪಿಯರಿನ ಫ್ಯೂಸನ್ನು ಬಿಸಿಗಾಳಿಯಿಂದ ಎತ್ತಿ ಇಲ್ಲಿ ಬೆಸೆದರು.

‘ಫ್ಯೂಸಿನ ಬದಲು ಒಂದು ತಂತಿ ಹಾಕಿದರಾಗದೇ?’ ಎಂದು ಪರೀಕ್ಷಿಸಲೆಂದೇ ಕೇಳಿದೆ. ‘ಇವತ್ತು ಉರಿಯುತ್ತೆ. ಇನ್ನೊಂದು ಸಲ ತಪ್ಪಾದರೆ ಸುಡೋಕೆ ಬೋರ್ಡೇ ಉಳಿದಿರುತ್ತೆ’ ಎಂದರು. ಒಂದೂವರೆ ಗಂಟೆಯಲ್ಲಿ ಪರದೆ ಬೆಳಗಿತು. ಒಂಬತ್ತುನೂರು ರೂಪಾಯಿ ಕೇಳಿದರು. ಫ್ಯೂಸಿನ ಬೆಲೆ ಕೆಲವೇ ರೂಪಾಯಿಗಳೆಂದು ಚೌಕಾಶಿ ಮಾಡುವುದು ಮೂರ್ಖತನ. ನಾನು ಹಣ ಕೊಟ್ಟದ್ದು ಎಲ್ಲಿ ನೋಡಬೇಕೆಂದು ತಿಳಿದಿದ್ದ ಕಣ್ಣಿಗೆ. ಬೋರ್ಡು ಬದಲಿಸಿದ್ದರೆ ಹೋಗುತ್ತಿದ್ದುದು ಹಣ ಮಾತ್ರವಲ್ಲ. ತೆಳ್ಳನೆಯ ಅನೇಕ ಮಾದರಿಗಳಲ್ಲಿ ಸಂಗ್ರಹಣೆಯ ಚಿಪ್ಪುಗಳನ್ನೂ ಬೋರ್ಡಿಗೇ ಬೆಸೆದಿರುತ್ತಾರೆ. ಬೋರ್ಡಿನೊಡನೆ ಬರೆದದ್ದೂ ಚಿತ್ರಗಳೂ ಹೋಗುತ್ತವೆ. ಸಂಗ್ರಹಣೆ ಬೇರೆಯಿದ್ದರೂ ವಿಂಡೋಸಿನ ಬಿಟ್‌ಲಾಕರ್ ಬೀಗ ಹಾಕಿದ್ದರೆ, ಆ ಬೀಗದ ಕೈ ಹಳೆಯ ಬೋರ್ಡಿನ ಟಿಪಿಎಂ ಚಿಪ್ಪಿನಲ್ಲಿರುತ್ತದೆ. ಹೊಸ ಬೋರ್ಡು 48 ಅಂಕಿಗಳ ಮರುಪ್ರಾಪ್ತಿ ಸಂಖ್ಯೆಯನ್ನು ಕೇಳುತ್ತದೆ. ಅದನ್ನು ಬರೆದಿಟ್ಟುಕೊಂಡವರು ನಮ್ಮಲ್ಲೆಷ್ಟು ಮಂದಿ?

ಮರುದಿನ ಮೊದಲ ಅಂಗಡಿಗೆ ಸ್ಕ್ರೀನಿನ ಹಣ ಕೊಡಲು ಹೋದೆ. ಅದು ಅವರಿಗೆ ಸಲ್ಲಬೇಕಾದದ್ದು. ಸುಟ್ಟ ಫ್ಯೂಸನ್ನು ಕಾಗದದಲ್ಲಿ ಮಡಿಚಿ ಒಯ್ದಿದ್ದೆ. ಮಾಲೀಕರು ನೋಡಿ, ‘ಓಹ್, ಫ್ಯೂಸ್ ಹೋಗಿತ್ತಾ?’ ಎಂದರು. ಮತ್ತೆ ಅದೇ ‘ಹೋಗು’! ನಾನು ಕೊಟ್ಟ ಒಂಬತ್ತುನೂರನ್ನು ಮುರಿದುಕೊಳ್ಳುವ ಮಾತೆತ್ತಿದಾಗ ಫೋನ್ ಬಂದಂತೆ ಎದ್ದು ಹೋದರು. ನಾನು ರಸ್ತೆಗಿಳಿದಾಗ ಆ ಹುಡುಗ ಹಿಂದೆಯೇ ಬಂದ. ‘ಸಾರ್, ಬ್ಯಾಟರಿ ತೆಗೆದಿರಲಿಲ್ಲ ನಾನು. ಸಿಗಿಸುವಾಗ ಕಿಡಿ ಬಂತು. ಹೇಳಿದ್ರೆ ಸಂಬಳದಲ್ಲಿ ಹಿಡ್ಕೋತಾರೆ ಸಾರ್’ ಎಂದ. ಅಲ್ಲಿಯವರೆಗೆ ನನ್ನಲ್ಲಿದ್ದ ಕೋಪ ದಾರಿ ಬದಲಿಸಿತು. ಏಕೆಂದರೆ ಈ ಮಾತನ್ನು ನಾನು ಬೇರೊಂದು ರೂಪದಲ್ಲಿ ಹಿಂದೆ ಕೇಳಬೇಕಾಗಿತ್ತು, ಕೇಳಿಸಿಕೊಂಡಿರಲಿಲ್ಲ.

1991ನೆಯ ಇಸವಿ. ಹತ್ತನೆಯ ತರಗತಿಗೆ ಓಮನ ನಿಯಮದ ಪ್ರಯೋಗ. ನಮ್ಮ ಶಾಲೆಯಲ್ಲಿ ಇದ್ದುದು ಎರಡೇ ಅಮ್ಮೀಟರುಗಳು. ಒಡೆದವರು ಬೆಲೆ ಕಟ್ಟಬೇಕೆಂಬುದು ಪ್ರಯೋಗಾಲಯದ ನಿಯಮ. ಅದನ್ನು ಗೋಡೆಯ ಮೇಲೆ ಬರೆಸಿದವನೂ ನಾನೇ. ಒಂದು ತಂಡದ ಹುಡುಗನೊಬ್ಬ ಅಮ್ಮೀಟರನ್ನು ಸರಣಿಯಲ್ಲಿ ಜೋಡಿಸುವ ಬದಲು ನೇರವಾಗಿ ಬ್ಯಾಟರಿಯ ಎರಡು ತುದಿಗಳಿಗೆ ಜೋಡಿಸಿದ. ಮುಳ್ಳು ಒಮ್ಮೆ ನೆಗೆದು ಸತ್ತಿತು. ಅವನು ಸದ್ದಿಲ್ಲದೆ ಅದನ್ನು ಕಪಾಟಿನಲ್ಲಿಟ್ಟ. ಮುಂದಿನ ಪೀರಿಯಡ್ಡಿನಲ್ಲಿ ಅದನ್ನು ಎತ್ತಿಕೊಂಡ ಹುಡುಗಿಯ ಕೈಯಲ್ಲಿ ಮುಳ್ಳು ಅಲುಗಲಿಲ್ಲ. ‘ನಾನು ಏನೂ ಮಾಡಲಿಲ್ಲ ಸಾರ್’ ಎಂದು ಅವಳು ಮೂರು ಬಾರಿ ಹೇಳಿದಳು. ಮೀಟರು ಅವಳ ಕೈಯಲ್ಲಿತ್ತು. ನನಗೆ ಅಷ್ಟೇ ಸಾಕ್ಷ್ಯ ಸಾಕಾಯಿತು. ಅವಳ ತಂದೆ ಕೂಲಿ ಮಾಡಿ ಎರಡು ಕಂತುಗಳಲ್ಲಿ ಹಣ ಕಟ್ಟಿದರು. ನಿಜವನ್ನು ಆ ಹುಡುಗ ನನಗೆ ಹೇಳಿದ್ದು ಹನ್ನೆರಡು ವರ್ಷಗಳ ನಂತರ, ತನ್ನ ಮದುವೆಯ ಆಮಂತ್ರಣ ಕೊಡಲು ಬಂದಾಗ. ‘ಹೇಳಿದ್ದರೆ ಅಪ್ಪ ಕೊಲ್ಲುತ್ತಿದ್ದರು ಸಾರ್’ ಎಂದಿದ್ದ.

ತಪ್ಪು ಯಾರದು? ಹುಡುಗನದು ಮೊದಲನೆಯ ತಪ್ಪು. ಅದು ಕಲಿಯುವವನ ತಪ್ಪು. ದೊಡ್ಡ ತಪ್ಪು ನನ್ನದು. ನಿಜ ಹೇಳಿದವನಿಗೆ ಅತಿ ಹೆಚ್ಚು ನಷ್ಟವಾಗುವ ನಿಯಮವನ್ನು ಮಾಡಿದೆ. ಕೈಗೆ ಕೊಡುವ ಮೊದಲು ಮೀಟರನ್ನು ಪರೀಕ್ಷಿಸಲಿಲ್ಲ. ಕೊನೆಯಲ್ಲಿ ಯಾರ ಕೈಯಲ್ಲಿತ್ತೋ ಅವರಿಂದ ವಸೂಲಿ ಮಾಡಿದೆ. ಇಂದಿನ ರಿಪೇರಿ ಅಂಗಡಿಯಲ್ಲಿ ನಡೆಯುವುದು ಇದೇ. ಅಲ್ಲಿ ಹುಡುಗಿಯ ಸ್ಥಾನದಲ್ಲಿ ಗ್ರಾಹಕನಿದ್ದಾನೆ, ಅಷ್ಟೇ ವ್ಯತ್ಯಾಸ.

ಆದ್ದರಿಂದ ಅಂಗಡಿಗಳ ಮಾಲೀಕರಿಗೆ ನನ್ನ ಮೊದಲ ಮಾತು. ಇವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಇದ್ದಾರೆ, ಬೇಸರವಾದರೂ ಕೇಳಿಸಿಕೊಳ್ಳಿ. ಕೈತಪ್ಪು ಎಲ್ಲರಿಂದಲೂ ಆಗುತ್ತದೆ. ಅದರ ವೆಚ್ಚವು ವ್ಯಾಪಾರದ ವೆಚ್ಚ. ಬಾಡಿಗೆ, ವಿದ್ಯುತ್ ಬಿಲ್ಲುಗಳ ಹಾಗೆ ಅದನ್ನೂ ಅಂಗಡಿಯೇ ಹೊರಬೇಕು. ಲಾಭ ನಿಮಗೆ, ನಷ್ಟ ಹುಡುಗನಿಗೋ ಗ್ರಾಹಕನಿಗೋ ಎನ್ನುವುದು ವ್ಯಾಪಾರವಲ್ಲ. ಹುಡುಗನ ಸಂಬಳ ಕತ್ತರಿಸಿದರೆ ಅವನು ಎಚ್ಚರಿಕೆಯನ್ನು ಕಲಿಯುವುದಿಲ್ಲ, ಮುಚ್ಚಿಡುವುದನ್ನು ಕಲಿಯುತ್ತಾನೆ. ‘ಕಿಡಿ ಬಂತು ಸಾರ್’ ಎಂದು ಅವನು ಆಗಲೇ ಹೇಳಿದ್ದರೆ ಫ್ಯೂಸನ್ನು ನೀವೇ ಆ ದಿನವೇ ಬದಲಿಸಬಹುದಾಗಿತ್ತು. ‘ಐದು ಸಾವಿರದ ಕೆಲಸದಲ್ಲಿ ನಮಗೆ ಉಳಿಯುವುದೆಷ್ಟು?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹಾಗಾದರೆ ಇನ್ನೂರು ರೂಪಾಯಿ ಹೆಚ್ಚು ಕೇಳಿ, ಬ್ಯಾಟರಿ ಬಿಡಿಸಲು ಹುಡುಗನಿಗೆ ಹತ್ತು ನಿಮಿಷ ಹೆಚ್ಚು ಕೊಡಿ. ಬೋರ್ಡಿನ ಕೆಲಸ ಬಾರದಿದ್ದರೆ ‘ನಮಗೆ ಬಾರದು’ ಎನ್ನಿ. ‘ನಮಗೆ ಬಾರದು’ ಎಂಬುದು ಪ್ರಾಮಾಣಿಕ ಮಾತು. ‘ಬೋರ್ಡ್ ಹೋಗಿದೆ’ ಎಂಬುದು ಅಳೆಯದೆ ಕೊಟ್ಟ ಮರಣಪತ್ರ.

ಎರಡನೆಯ ಮಾತು ಈ ಯಂತ್ರಗಳನ್ನು ತಯಾರಿಸುವ ಕಂಪನಿಗಳಿಗೆ. ಹಳೆಯ ರೇಡಿಯೊಗಳ ಹಿಂಬದಿಯ ಹಲಗೆಯ ಒಳಗೆ ಸರ್ಕ್ಯೂಟಿನ ನಕ್ಷೆಯನ್ನು ಅಂಟಿಸಿರುತ್ತಿದ್ದುದನ್ನು ನನ್ನ ವಯಸ್ಸಿನವರು ಕಂಡಿದ್ದಾರೆ. 1981ರಲ್ಲಿ ಐಬಿಎಂ ಕಂಪನಿ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ ಅದರ ತಾಂತ್ರಿಕ ಕೈಪಿಡಿಯಲ್ಲಿ ಬೋರ್ಡಿನ ಪೂರ್ಣ ನಕ್ಷೆಯನ್ನೇ ಮುದ್ರಿಸಿ ಮಾರಿತು. ಇಂದು ಬಹುತೇಕ ಕಂಪನಿಗಳು ಆ ನಕ್ಷೆಯನ್ನು ಗುಟ್ಟಾಗಿಡುತ್ತವೆ. ಓಣಿಯ ಮೆಕ್ಯಾನಿಕ್ಕು ಎಲ್ಲಿಂದಲೋ ಸೋರಿಬಂದ ಪ್ರತಿಯನ್ನು ನೋಡಿ, ಇಲ್ಲವೇ ಊಹಿಸಿ ಕೆಲಸ ಮಾಡಬೇಕಾಗಿದೆ. ಕಂಪನಿಯ ಅಧಿಕೃತ ಸೇವಾಕೇಂದ್ರಕ್ಕೆ ಹೋದರೆ ಅಲ್ಲಿಯೂ ಸಾಮಾನ್ಯವಾಗಿ ಬೋರ್ಡನ್ನೇ ಬದಲಿಸುತ್ತಾರೆಯೇ ಹೊರತು ಬಿಡಿಭಾಗವನ್ನಲ್ಲ. ಕೆಲವು ರೂಪಾಯಿಗಳ ಫ್ಯೂಸು ಇಪ್ಪತ್ತಾರು ಸಾವಿರವಾಗುವುದು ಹೀಗೆ.

ಇದರ ಫಲವನ್ನೂ ನೋಡಿ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರಲ್ಲಿ ಜಗತ್ತು 6.2 ಕೋಟಿ ಟನ್ ವಿದ್ಯುನ್ಮಾನ ಕಸವನ್ನು ಹೊರಹಾಕಿತು. ಅದರಲ್ಲಿ ಸರಿಯಾದ ಕ್ರಮದಲ್ಲಿ ಸಂಗ್ರಹವಾಗಿ ಮರುಬಳಕೆಗೆ ಬಂದುದು ಶೇಕಡಾ 22.3 ಮಾತ್ರ. ನಮ್ಮ ಮನೆಯ ಲ್ಯಾಪ್‌ಟಾಪೂ ಒಂದು ಸಾಸಿವೆಯ ಕಾರಣಕ್ಕೆ ಆ ರಾಶಿಗೆ ಸೇರುವುದರಲ್ಲಿತ್ತು.

ಫ್ರಾನ್ಸ್ ದೇಶವು 2021ರ ಜನವರಿ 1ರಿಂದ ಲ್ಯಾಪ್‌ಟಾಪ್ ಮೊದಲಾದ ಕೆಲವು ವಸ್ತುಗಳಿಗೆ, ರಿಪೇರಿ ಮಾಡುವುದು ಎಷ್ಟು ಸುಲಭವೆಂದು ಹತ್ತಕ್ಕೆ ಅಂಕ ಹಾಕಿ ಮಾರುವಾಗಲೇ ಪ್ರದರ್ಶಿಸಬೇಕೆಂದು ಕಡ್ಡಾಯ ಮಾಡಿತು. ದಾಖಲೆ ಸಿಗುತ್ತದೆಯೇ, ಬಿಚ್ಚುವುದು ಸುಲಭವೇ, ಬಿಡಿಭಾಗ ದೊರೆಯುತ್ತದೆಯೇ, ಅದರ ಬೆಲೆಯೇನು ಎಂಬುದೆಲ್ಲ ಆ ಅಂಕದಲ್ಲಿ ಸೇರಿದೆ. ನಮ್ಮ ಕೇಂದ್ರ ಸರ್ಕಾರವೂ 2022ರ ಜುಲೈಯಲ್ಲಿ ‘ರಿಪೇರಿಯ ಹಕ್ಕಿ’ಗಾಗಿ ಸಮಿತಿ ನೇಮಿಸಿತು, ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ವಸ್ತುಗಳು, ವಾಹನ ಎಂದು ನಾಲ್ಕು ವಲಯಗಳನ್ನು ಗುರುತಿಸಿತು, ಅದೇ ವರ್ಷ ಡಿಸೆಂಬರ್ 24ರಂದು ಪೋರ್ಟಲನ್ನೂ ತೆರೆಯಿತು. ಒಳ್ಳೆಯದೇ. ಆದರೆ ಪೋರ್ಟಲಿನಲ್ಲಿ ದೂರವಾಣಿ ಸಂಖ್ಯೆ ಹಾಕುವುದು ಬೇರೆ, ನಕ್ಷೆ ಕೊಡಲೇಬೇಕೆಂದು ಕಾನೂನಿನಿಂದ ಕಟ್ಟುವುದು ಬೇರೆ. ಎರಡನೆಯದು ಆಗುವವರೆಗೆ ಮೊದಲನೆಯದಕ್ಕೆ ಚಪ್ಪಾಳೆ ತಟ್ಟಲು ನಾನು ಸಿದ್ಧನಿಲ್ಲ.

ಮೂರನೆಯ ಮಾತು ನಮಗೇ. ‘ಹೋಗಲಿ ಬಿಡಿ, ಹೊಸದು ತಗೊಂಡರಾಯ್ತು’ ಎನ್ನುವ ನಮ್ಮ ಔದಾರ್ಯವೇ ಈ ವ್ಯಾಪಾರದ ಬಂಡವಾಳ. ಆ ಔದಾರ್ಯ ಎಲ್ಲರ ಕೈಗೂ ಎಟುಕುವುದಿಲ್ಲ. ಸಾಲ ಮಾಡಿ ಮಗಳಿಗೆ ಲ್ಯಾಪ್‌ಟಾಪ್ ಕೊಡಿಸಿದ ತಂದೆಗೆ ಇಪ್ಪತ್ತಾರು ಸಾವಿರವೆಂದರೆ ಎಷ್ಟೆಂದು ಯೋಚಿಸಿ. ಕಾನೂನು ನಮ್ಮ ಪಕ್ಷದಲ್ಲಿಯೇ ಇದೆ. ರಿಪೇರಿಗೆ ಕೊಟ್ಟ ವಸ್ತುವನ್ನು ವಿವೇಕವುಳ್ಳ ಸಾಮಾನ್ಯ ಮನುಷ್ಯನು ತನ್ನದೇ ವಸ್ತುವನ್ನು ನೋಡಿಕೊಳ್ಳುವಷ್ಟು ಎಚ್ಚರದಿಂದ ನೋಡಿಕೊಳ್ಳಬೇಕೆಂದು 1872ರ ಕರಾರು ಕಾಯ್ದೆಯ 151ನೆಯ ಕಲಮು ಹೇಳುತ್ತದೆ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಷ್ಟವುಂಟುಮಾಡುವ ನಿರ್ಲಕ್ಷ್ಯವೂ ಸೇವೆಯ ಕೊರತೆಯೇ. ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ಎರಡು ವರ್ಷಗಳೊಳಗೆ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಅದಕ್ಕೂ ಮೊದಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿದರೂ ಎಷ್ಟೋ ವೇಳೆ ಅಂಗಡಿಯವರ ದನಿ ಬದಲಾಗುತ್ತದೆ.

ಆದರೆ ಆಯೋಗಕ್ಕೆ ಸಾಕ್ಷ್ಯ ಬೇಕು. 1991ರ ನಂತರ ನಾನು ಪ್ರಯೋಗಾಲಯದಲ್ಲಿ ಒಂದು ಪುಸ್ತಕವಿಟ್ಟೆ: ಮೀಟರನ್ನು ಕೊಡುವಾಗ ಒಮ್ಮೆ, ಹಿಂದಕ್ಕೆ ಪಡೆಯುವಾಗ ಒಮ್ಮೆ ಮಗುವಿನೆದುರಿಗೇ ಪರೀಕ್ಷಿಸಿ ಇಬ್ಬರೂ ಸಹಿ ಮಾಡುವುದು. ಬೆಲೆ ಕಟ್ಟುವ ನಿಯಮವನ್ನು ಗೋಡೆಯಿಂದ ಅಳಿಸಿದೆ. ಲ್ಯಾಪ್‌ಟಾಪಿಗೂ ಇದೇ ಸಾಕು. ಕೊಡುವ ಮೊದಲು ಏನೇನು ಕೆಲಸ ಮಾಡುತ್ತಿದೆ ಎಂಬುದನ್ನು ಅಂಗಡಿಯಲ್ಲಿಯೇ ತೋರಿಸಿ, ಮೊಬೈಲಿನಲ್ಲಿ ಚಿತ್ರೀಕರಿಸಿ, ಜಾಬ್ ಶೀಟಿನಲ್ಲಿ ಬರೆಸಿ: ಬ್ಯಾಕ್‌ಲೈಟ್, ಕ್ಯಾಮೆರಾ, ಚಾರ್ಜಿಂಗ್, ವೈಫೈ. ಒಡೆದ ಪರದೆ ಬೆಳಗುತ್ತಿದ್ದರೆ ಅದನ್ನೂ ಬರೆಸಿ. ಕಡತಗಳ ಪ್ರತಿಯನ್ನು ಬೇರೆಡೆ ಇಡಿ. ಬಿಟ್‌ಲಾಕರಿನ 48 ಅಂಕಿಗಳನ್ನು ಕಾಗದದಲ್ಲಿ ಬರೆದಿಡಿ. ‘ಮೊದಲು ಬ್ಯಾಟರಿ ಬಿಡಿಸುತ್ತೀಯಲ್ಲಪ್ಪ?’ ಎಂದು ಕೇಳಿ; ಕೇಳುವುದರಿಂದ ಯಾರ ಮರ್ಯಾದೆಯೂ ಹೋಗುವುದಿಲ್ಲ. ಹಳೆಯ ಭಾಗವನ್ನು ಹಿಂದಕ್ಕೆ ಪಡೆಯಿರಿ, ಬಿಲ್ಲು ಪಡೆಯಿರಿ. ‘ಬೋರ್ಡ್ ಹೋಗಿದೆ’ ಎಂದರೆ ‘ಎಲ್ಲಿ ಅಳೆದಿರಿ? ಎಷ್ಟು ಬಂತು?’ ಎಂದು ಕೇಳಿ. ಉತ್ತರ ಬಾರದಿದ್ದರೆ ಎತ್ತಿಕೊಂಡು ಬನ್ನಿ. ನಮ್ಮ ಊರುಗಳಲ್ಲಿ ಭೂತಗನ್ನಡಿಯ ಹಿಂದೆ ಕುಳಿತ ಬಲ್ಲವರು ಇನ್ನೂ ಇದ್ದಾರೆ. ನಾವು ಹುಡುಕಿಕೊಂಡು ಹೋಗದಿದ್ದರೆ ಇನ್ನು ಹತ್ತು ವರ್ಷಕ್ಕೆ ಇರಲಾರರು.

ಆ ಹುಡುಗನಿಗೆ ನಾನು ಬೈಯಲಿಲ್ಲ. ಓಣಿಯ ಅಂಗಡಿಯ ಗುರುತು ಹೇಳಿ, ‘ಭಾನುವಾರ ಹೋಗಿ ಕೆಲಸ ಕಲಿ’ ಎಂದೆ. ಎರಡು ಭಾನುವಾರ ಹೋಗಿದ್ದಾನೆಂದು ತಿಳಿಯಿತು.

ಹುಡುಗ ಬಂದು ನಿಜ ಹೇಳಿದ ಆ ವರ್ಷವೇ ನಾನು ಆ ಹುಡುಗಿಯ ಊರಿಗೆ ಹೋಗಿ ಕೇಳಿದ್ದೆ. ಮದುವೆಯಾಗಿ ಬೇರೆಡೆಗೆ ಹೋಗಿದ್ದಳು, ತಂದೆ ತೀರಿಕೊಂಡಿದ್ದರು. ನನ್ನ ಹಳೆಯ ವಿದ್ಯಾರ್ಥಿಗಳು ಇದನ್ನು ಓದುತ್ತೀರಿ. ಆ ತರಗತಿಯವರು ಅವಳು ಯಾರೆಂದು ಬಲ್ಲಿರಿ. ಅವಳಿಗೆ ಈ ಒಂದು ವಾಕ್ಯವನ್ನು ತಲಪಿಸಿ: ಅಮ್ಮೀಟರ್ ನಿನ್ನಿಂದ ಹಾಳಾಗಲಿಲ್ಲಮ್ಮ, ವಿಚಾರಿಸದೆ ತೀರ್ಪು ಕೊಟ್ಟವನು ನಾನು, ಆ ಹಣ ಇನ್ನೂ ನನ್ನ ಮೇಲಿನ ಸಾಲವಾಗಿಯೇ ಇದೆ.